ನಲವತ್ತು ಪ್ರಶ್ನೆಗಳ ಆ ದಿನ

ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ನಾವು ಎರಡನೇ ಸಲ ಹೋದಾಗ ಪುಟ್ಟನಿಗೆ ಮೂರು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಅರಸೀಕೆರೆಯಿಂದ ಕತ್ತಲಿರುವಾಗಲೇ ಹೊರಟಿದ್ದೆವು. ಬ್ಯಾಗಿನಲ್ಲಿ ಮೊಸರನ್ನ, ಎರಡು ಜೊತೆ ಬಟ್ಟೆ, ಮತ್ತೆ ಹನ್ನೆರಡು ಬಟ್ಟೆ ಕ್ಲಿಪ್ಪು. ಕ್ಲಿಪ್ಪು ಬಿಟ್ಟು ಅವನು ಎಲ್ಲಿಗೂ ಬರುತ್ತಿರಲಿಲ್ಲ. ಕೂತಲ್ಲೇ ಸಾಲಾಗಿ ಜೋಡಿಸುತ್ತಿದ್ದ. ಹಸಿರು ಒಂದು ಕಡೆ, ನೀಲಿ ಒಂದು ಕಡೆ.

ಅದಕ್ಕೆ ಮುಂಚೆ ಒಂದೂವರೆ ವರ್ಷ ಸುಮ್ನೆ ಕಳೆದುಹೋಗಿತ್ತು. ಮಾತು ಬಂದಿಲ್ಲ ಅಂತ ತೋರಿಸಿದಾಗ ಮೊದಲ ಡಾಕ್ಟರು, "ಗಂಡು ಮಕ್ಕಳಿಗೆ ಮಾತು ನಿಧಾನ, ಕಾಯಿರಿ" ಅಂದಿದ್ದರು. ಮನೆಯಲ್ಲೂ ಅದೇ ಮಾತು. "ಇವನಪ್ಪನೂ ನಾಲ್ಕು ವರ್ಷದವರೆಗೆ ಸರಿಯಾಗಿ ಮಾತಾಡಿರ್ಲಿಲ್ಲ ಕಣಮ್ಮ" ಅಂತ ಅತ್ತೆ ಹೇಳುತ್ತಿದ್ದರು. ನನ್ನ ಸಮಾಧಾನಕ್ಕೆ ಹೇಳುತ್ತಾರೆ ಅಂದುಕೊಂಡಿದ್ದೆ. ಆಟಿಸಂ ಅಂದರೆ ಮಾತು, ಜನರ ಜೊತೆ ಬೆರೆಯುವುದು, ನಡವಳಿಕೆ ಚಿಕ್ಕಂದಿನಿಂದಲೇ ಬೇರೆ ಥರ ಇರುವ ಸ್ಥಿತಿ. ಅದರ ಸುಳಿವು ಇದೆಯಾ ಅಂತ ನೋಡಲು 16ರಿಂದ 30 ತಿಂಗಳ ಮಕ್ಕಳಿಗೆಂದೇ 20 ಪ್ರಶ್ನೆಗಳ ಒಂದು ಪಟ್ಟಿ ಇದೆ, ಎಂ-ಚಾಟ್ ಅಂತ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ, ಹೆಸರು ಕರೆದರೆ ತಿರುಗುತ್ತಾನಾ, ಇಂಥ ಪ್ರಶ್ನೆಗಳು. ಕೆಲವೇ ನಿಮಿಷದ ಕೆಲಸ. ಅದರಲ್ಲಿ ಸಂಶಯ ಬಂದರೆ ಆಟಿಸಂ ಇದೆ ಅಂತಲ್ಲ, ಮುಂದಿನ ತಪಾಸಣೆಗೆ ಹೋಗಬೇಕು ಅಂತ ಅಷ್ಟೇ. ಆ ಹಾಳೆಯನ್ನು ನಮ್ಮ ಕೈಗೆ ಯಾರೂ ಕೊಡಲಿಲ್ಲ. ಅದು ಇವತ್ತಿಗೂ ನನಗೆ ನೋವು.

ಮೊದಲ ಸಲ ಬಂದಾಗ ಕಿವಿ ಪರೀಕ್ಷೆ ಆಗಿತ್ತು. ಕರೆದರೆ ತಿರುಗದ ಮಗುವಿಗೆ ಕಿವಿ ಕೇಳುತ್ತಾ ಅಂತ ಮೊದಲು ನೋಡಲೇಬೇಕಲ್ವಾ. ಕಿವಿ ಚೆನ್ನಾಗಿದೆ ಅಂದರು. ನನಗೆ ಖುಷಿಯಾಗಲಿಲ್ಲ. ಕಿವಿಯದೇ ತೊಂದರೆ ಆಗಿರಲಿ, ಮಿಷನ್ ಹಾಕಿದರೆ ಸರಿಹೋಗಲಿ ಅಂತ ಒಳಗೊಳಗೇ ಬೇಡಿಕೊಂಡಿದ್ದೆ.

ಈ ಸಲ ಚಿಕ್ಕ ಕೋಣೆ. ನೆಲಕ್ಕೆ ಚಾಪೆ, ಒಂದಷ್ಟು ಆಟದ ಸಾಮಾನು. ಮನಶ್ಶಾಸ್ತ್ರಜ್ಞೆ ಚಾಪೆಯ ಮೇಲೆ ಕೂತು ಸೋಪಿನ ಗುಳ್ಳೆ ಊದಿದರು. ಪುಟ್ಟ ಕುಣಿದಾಡಿದ. ಅವರು ತಟ್ಟನೆ ನಿಲ್ಲಿಸಿ, ಮುಚ್ಚಳ ಬಿಗಿಯಾಗಿ ಹಾಕಿ, ಬಾಟಲಿ ಹಿಡಿದು ಸುಮ್ಮನೆ ಕಾದರು. ಪುಟ್ಟ ಅವರ ಮುಖ ನೋಡಲಿಲ್ಲ. ಅವರ ಮಣಿಕಟ್ಟು ಹಿಡಿದು, ಆ ಕೈಯನ್ನು ಮುಚ್ಚಳದ ಮೇಲೆ ಇಟ್ಟ. ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ನನ್ನ ಕೈಯನ್ನೂ ಹೀಗೇ ಇಡುತ್ತಿದ್ದ. ಎಷ್ಟು ಜಾಣ ನನ್ನ ಮಗ ಅಂದುಕೊಳ್ಳುತ್ತಿದ್ದೆ. ಜಾಣತನ ಹೌದು. ಆದರೆ ಕೈ ಯಾರದೋ ಅವರ ಕಣ್ಣನ್ನು ಅವನು ಒಂದು ಸಲವೂ ಹುಡುಕಲಿಲ್ಲ. ಅವರು ಅದನ್ನು ಬರೆದುಕೊಂಡರು.

ಆಮೇಲೆ ನಮ್ಮ ಸರದಿ. ಐಸಾ ಅಂತ ಕರೆಯುವ ಭಾರತದ್ದೇ ಅಳತೆಪಟ್ಟಿ ಅದು. ಸಿಕಂದರಾಬಾದಿನಲ್ಲಿ ತಯಾರಾದದ್ದು. 40 ಅಂಶಗಳು, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಅಲ್ಲ. 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ರಕ್ತ ಪರೀಕ್ಷೆ, ಸ್ಕ್ಯಾನು ಯಾವುದರಲ್ಲೂ ಆಟಿಸಂ ಕಾಣುವುದಿಲ್ಲ. ಮಗುವನ್ನು ನೋಡಬೇಕು, ಮನೆಯವರನ್ನು ಕೇಳಬೇಕು. ನಾವು ಏನು ಗಮನಿಸಿದ್ದೇವೆ, ಏನು ನೆನಪಿಟ್ಟಿದ್ದೇವೆ, ಅದರ ಮೇಲೇ ಎಷ್ಟೊಂದು ನಿಂತಿರುತ್ತದೆ! ನಾನು ಪ್ರತಿ ಉತ್ತರಕ್ಕೂ ತಡವರಿಸಿದೆ. ಜಾಸ್ತಿ ಹೇಳಿದರೆ ಮಗನ ಮೇಲೆ ಚಾಡಿ ಹೇಳಿದ ಹಾಗೆ ಅನಿಸುತ್ತಿತ್ತು. "ಅಮ್ಮಾ, ಇದು ಪಾಸು ಫೇಲಲ್ಲ. ಮನೇಲಿ ಹೇಗಿರ್ತಾನೋ ಹಾಗೇ ಹೇಳಿ" ಅಂದರು ಅವರು.

"ಶಬ್ದಕ್ಕೆ ಹೆದರ್ತಾನಾ?" ಅಂತ ಕೇಳಿದಾಗ ನಾನು ಕುಕ್ಕರಿನ ಸುದ್ದಿ ಹೇಳಿದೆ. ಕೂಗುವ ಮುಂಚೆ ಬರುವ ಸಣ್ಣ ಸುಯ್ ಶಬ್ದಕ್ಕೇ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಾನೆ ಅಂತ. ಅಷ್ಟು ಹೊತ್ತು ಮಾತೇ ಆಡದೆ ಕೂತಿದ್ದ ಇವರು ಆಗ ಮೆಲ್ಲಗೆ, "ನನಗೂ ಹಾಗೇ. ಈಗಲೂ" ಅಂದರು. ಮದುವೆಯಾಗಿ ಆರು ವರ್ಷ. ಅಡುಗೆ ಹೊತ್ತಿಗೆ ಇವರು ಹಿತ್ತಲಿಗೆ ಹೋಗುವುದು ಯಾಕೆ ಅಂತ ನನಗೆ ಅಂದೇ ಗೊತ್ತಾಗಿದ್ದು.

ಪುಟ್ಟನಿಗೆ 112 ಬಂತು. ಆಟಿಸಂ ಹೌದು ಅಂದರು. ಸ್ಪೀಚ್ ಥೆರಪಿ ಶುರುವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿರುವುದರಿಂದ ಯುಡಿಐಡಿ ಕಾರ್ಡಿಗೂ, ಅಂದರೆ ಅಂಗವಿಕಲರ ಗುರುತಿನ ಚೀಟಿಗೂ, ಅರ್ಜಿ ಹಾಕಿದೆವು.

ಮುಂದಿನ ವರ್ಷ ಇವರು, ತಮಗೂ ಆಟಿಸಂ ಇರಬಹುದಾ ಅಂತ ಕೇಳಲು, ತಾವಾಗೇ ಬೆಂಗಳೂರಿನಲ್ಲಿ ಒಬ್ಬ ಮನೋವೈದ್ಯರ ಹತ್ತಿರ ಹೋದರು. ಇಂಟರ್ನೆಟ್ಟಿನಲ್ಲಿ ದೊಡ್ಡವರ ಆಟಿಸಂ ಬಗ್ಗೆ 50 ಪ್ರಶ್ನೆಗಳ ಒಂದು ಪಟ್ಟಿ ತುಂಬಿದ್ದರು. ಅದು ಬರೀ ಸುಳಿವು, ಅದೊಂದರಿಂದ ತೀರ್ಮಾನ ಆಗುವುದಿಲ್ಲ ಅಂದರು ಡಾಕ್ಟರು. ಜನರ ನಡುವೆ ಇವರು ಬೆವರುವುದು ಆತಂಕದಿಂದಲೂ ಇರಬಹುದು, ಅದನ್ನೂ ಬಿಡಿಸಿ ನೋಡಬೇಕು. ಎಲ್ಲಕ್ಕಿಂತ ಮುಖ್ಯ, ಆಟಿಸಂ ದೊಡ್ಡವರಾದ ಮೇಲೆ ಹೊಸದಾಗಿ ಬರುವಂಥದ್ದಲ್ಲ. ಅದರ ಗುರುತು ಚಿಕ್ಕಂದಿನಲ್ಲೇ ಇರಬೇಕು. "ನಿಮ್ಮನ್ನು ಮಗುವಾಗಿದ್ದಾಗ ನೋಡಿದವರು ಯಾರಾದರೂ ಇದ್ದಾರಾ?" ಅಂತ ಕೇಳಿದರು.

ಅತ್ತೆಯನ್ನು ಕರೆದುಕೊಂಡು ಹೋದೆವು. ಹಳೇ ಮಾರ್ಕ್ಸ್ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಮೊದಮೊದಲು ಅವರಿಗೆ ಸಿಟ್ಟು. "ನನ್ನ ಮಗನಿಗೇನಾಗಿದೆ? ಕೆಲಸದಲ್ಲಿಲ್ವಾ, ಸಂಸಾರ ಮಾಡ್ತಿಲ್ವಾ?" ಅಂದರು. ಡಾಕ್ಟರು ವಾದ ಮಾಡಲಿಲ್ಲ. "ಚಿಕ್ಕವರಿದ್ದಾಗ ಏನು ಆಟ ಆಡ್ತಿದ್ರಮ್ಮ?" ಅಂತ ಕೇಳಿದರು. ಅತ್ತೆ ಶುರುಮಾಡಿದರು. ಅರಸೀಕೆರೆ ಜಂಕ್ಷನ್ನಿನ ಅಷ್ಟೂ ರೈಲಿನ ಟೈಮು ಬಾಯಿಪಾಠ. ಊಟಕ್ಕೆ ಅದೇ ಅಂಚು ಬಗ್ಗಿದ ತಟ್ಟೆ, ಬೇರೆ ಕೊಟ್ಟರೆ ಉಪವಾಸ. ಜಾತ್ರೆಯ ಡೊಳ್ಳು ಕೇಳಿದರೆ ಮಂಚದ ಕೆಳಗೆ. ಹೇಳುತ್ತಾ ಹೇಳುತ್ತಾ ನಿಂತುಬಿಟ್ಟರು. "ನೆಂಟರ ಮುಂದೆ ಬಾ ಅಂದ್ರೆ ಬರ್ತಿರ್ಲಿಲ್ಲ ಅಂತ ಬಾಸುಂಡೆ ಬರೋ ಹಾಗೆ ಹೊಡೆದಿದ್ದೀನಿ ಸ್ವಾಮಿ" ಅಂದರು. ಸೆರಗು ಬಾಯಿಗೆ ಹೋಯಿತು. ಇವರು ಅತ್ತೆಯ ಮುಖ ನೋಡಲಿಲ್ಲ. ಅವರ ಕೈಯಲ್ಲಿದ್ದ ಕವರನ್ನು ತೆಗೆದುಕೊಂಡು, ಮಾರ್ಕ್ಸ್ ಕಾರ್ಡುಗಳನ್ನು ವರ್ಷದ ಪ್ರಕಾರ ಜೋಡಿಸಿ ವಾಪಸ್ಸು ಕೊಟ್ಟರು.

ಮೂರು ಸಲ ಹೋಗಿ ಬಂದ ಮೇಲೆ ಡಾಕ್ಟರು ಇವರಿಗೂ ಆಟಿಸಂ ಇದೆ ಅಂತ ಬರೆದುಕೊಟ್ಟರು. ಇವರಿಗೆ ಆಗ 36. ಆ ರಾತ್ರಿ ಇವರು ಬಹಳ ದಿನದ ಮೇಲೆ ಗಾಢವಾಗಿ ನಿದ್ದೆ ಮಾಡಿದರು.

ಈಗ ಅತ್ತೆ ಕುಕ್ಕರ್ ಇಟ್ಟ ಕೂಡಲೇ ಅಡುಗೆಮನೆಯಿಂದಲೇ ಹೇಳುತ್ತಾರೆ, "ಇನ್ನೇನು ಕೂಗುತ್ತೆ ಕಣ್ರಪ್ಪಾ." ಅಪ್ಪ, ಮಗ ಇಬ್ಬರೂ ಎದ್ದು ಹಿತ್ತಲಿಗೆ ಹೋಗುತ್ತಾರೆ. ಮೂರು ಕೂಗು ಮುಗಿದ ಮೇಲೆ ಅತ್ತೆಯೇ ಬಾಗಿಲಿಗೆ ಹೋಗಿ ಕರೆಯುತ್ತಾರೆ.