ಸುರಕ್ಷತೆಯ ನಾಳೆ ಪ್ರೂಫ್ ಟೆಸ್ಟ್‌ನಲ್ಲಿದೆ

ಪ್ರೋಸೆಸ್ ಸೇಫ್ಟಿಯ, ಅಂದರೆ ರಿಫೈನರಿ, ರಾಸಾಯನಿಕ ಕಾರ್ಖಾನೆಗಳಲ್ಲಿ ಸ್ಫೋಟ, ಸೋರಿಕೆ ತಡೆಯುವ ಕೆಲಸದ ಮುಂದಿನ ದಿನಗಳ ಮಾತೆತ್ತಿದರೆ ಚರ್ಚೆ ಎಐ, ಡಿಜಿಟಲ್ ಟ್ವಿನ್ (ಕಾರ್ಖಾನೆಯ ಕಂಪ್ಯೂಟರ್ ಪ್ರತಿರೂಪ), ವೈರ್‌ಲೆಸ್ ಸೆನ್ಸರ್‌ಗಳತ್ತ ಓಡುತ್ತದೆ. ಅವೆಲ್ಲ ಬರಲಿ, ಬೇಕು ಕೂಡ. ಆದರೆ ಅವಕ್ಕೆ ಉಣಿಸುವ ರೀಡಿಂಗೇ ಸುಳ್ಳಾದರೆ?

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿ ರಿಫೈನರಿಯ ಟವರ್‌ನಲ್ಲಿ ದ್ರವ 158 ಅಡಿ ಏರಿತ್ತು. ಲೆವೆಲ್ ಟ್ರಾನ್ಸ್‌ಮಿಟರ್ ಮಾತ್ರ ಶೇ. 78 ತೋರಿಸುತ್ತ, ಇನ್ನೂ ಇಳಿಯುತ್ತಿದೆ ಎನ್ನುತ್ತಿತ್ತು. ಅದು ಅಳೆಯುತ್ತಿದ್ದದ್ದು ಬುಡದ ಕೆಲವೇ ಅಡಿ; ಕ್ಯಾಲಿಬ್ರೇಶನ್‌ಗೆ ಹಾಕಿದ ಸಾಂದ್ರತೆಯೂ ತಪ್ಪಾಗಿತ್ತು. ಡಿಸ್‌ಪ್ಲೇಸರ್ (ದ್ರವ ಮೇಲೆತ್ತುವ ಬಲದಿಂದ ಮಟ್ಟ ಅಳೆಯುವ, ಟ್ರಾನ್ಸ್‌ಮಿಟರಿನ ತೂಕ) ಪೂರ್ತಿ ಮುಳುಗಿದ ಮೇಲೆ ದ್ರವ ಬಿಸಿಯಾಗಿ ಹಗುರಾದಂತೆಲ್ಲ ರೀಡಿಂಗ್ ಇಳಿಯುತ್ತದೆ. ಪ್ರತ್ಯೇಕವಾಗಿದ್ದ ಹೈ ಲೆವೆಲ್ ಅಲಾರ್ಮ್ ಕೂಗಲೇ ಇಲ್ಲ. ದ್ರವ ಉಕ್ಕಿ ಹೊರಬಂದು, ಸ್ಫೋಟವಾಗಿ 15 ಜನ ಸತ್ತರು.

ಎಐ ನಿಜಕ್ಕೂ ನೆರವಾಗುವುದು ಇಂಥಲ್ಲಿ: ಒಳಬಂದದ್ದೆಷ್ಟು, ಹೊರಹೋದದ್ದೆಷ್ಟು ಎಂದು ತಾಳೆ ಹಾಕಿ, ಲೆವೆಲ್ ರೀಡಿಂಗ್ ಅದಕ್ಕೆ ಹೊಂದದಿದ್ದರೆ ತಕ್ಷಣ ಎಚ್ಚರಿಸುವುದು. ಟ್ರಿಪ್ ಮಾಡುವ, ಅಂದರೆ ಅಪಾಯ ಕಂಡಾಗ ಘಟಕವನ್ನು ತಾನಾಗಿ ನಿಲ್ಲಿಸುವ ಹೊಣೆ ಮಾತ್ರ ಪ್ರತ್ಯೇಕ ಸುರಕ್ಷತಾ ವ್ಯವಸ್ಥೆಯದ್ದೇ ಆಗಿರಬೇಕು ಎಂಬುದು ನನ್ನ ಗಟ್ಟಿ ನಿಲುವು.

ಆ ವ್ಯವಸ್ಥೆಯ ಲೆಕ್ಕ ಸರಳ. ಹೊರಗೆ ಕಾಣದ ಅಪಾಯಕಾರಿ ವೈಫಲ್ಯದ ದರ ವರ್ಷಕ್ಕೆ 0.01 ಎಂದುಕೊಳ್ಳಿ. ವರ್ಷಕ್ಕೊಮ್ಮೆ ಪ್ರೂಫ್ ಟೆಸ್ಟ್ ಮಾಡಿದರೆ, ಅಂದರೆ ಅಡಗಿದ ವೈಫಲ್ಯ ಹುಡುಕಲು ವ್ಯವಸ್ಥೆಯನ್ನು ಓಡಿಸಿ ನೋಡಿದರೆ, ಬೇಕಾದಾಗ ಅದು ಕೈಕೊಡುವ ಸರಾಸರಿ ಸಂಭವ ಸುಮಾರು 0.005, ಇದು ಎಸ್‌ಐಎಲ್ 2ರ ಮಟ್ಟ (ಎಸ್‌ಐಎಲ್ ಎಂದರೆ ಸುರಕ್ಷತಾ ವ್ಯವಸ್ಥೆ ಎಷ್ಟು ನಂಬಲರ್ಹ ಎಂಬುದರ ದರ್ಜೆ; ಅಂಕಿ ಹೆಚ್ಚಿದಷ್ಟೂ ಉತ್ತಮ). ಶಟ್‌ಡೌನ್ ಸಿಗಲಿಲ್ಲವೆಂದು ಟೆಸ್ಟನ್ನು ನಾಲ್ಕು ವರ್ಷಕ್ಕೊಮ್ಮೆಗೆ ತಳ್ಳಿದರೆ ಅದು 0.02 ಆಗಿ, ಎಸ್‌ಐಎಲ್ 1ಕ್ಕೆ ಕುಸಿಯುತ್ತದೆ.

ಟೆಸ್ಟ್ ಹೇಗೆ ಮಾಡುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಟರ್ಮಿನಲ್‌ನಲ್ಲಿ ಸೆನ್ಸರ್ ಬದಲು 20 ಮಿಲಿಆಂಪ್‌ನ ಕೃತಕ ಸಿಗ್ನಲ್ ಕೊಟ್ಟು ವಾಲ್ವ್ ಮುಚ್ಚಿತು ಎಂದು ಸಹಿ ಹಾಕಿದರೆ ಸೆನ್ಸರ್ ಪರೀಕ್ಷೆಗೇ ಒಳಪಡಲಿಲ್ಲ. ಲೆವೆಲ್ ಸ್ವಿಚ್‌ನ ಚೇಂಬರಿಗೆ ದ್ರವ ತುಂಬಿಸಿ ನೋಡಬೇಕು. ವಾಲ್ವ್ ಪೂರ್ತಿ ಕೂತಿತೇ, ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದಿಡಬೇಕು. ಟೆಸ್ಟಿಗೆ ಮುಂಚೆ ಗ್ರೀಸ್ ಹಚ್ಚಲೇಬಾರದು: ಜಾಮ್ ಆಗಿದ್ದ ವಾಲ್ವ್ ಸಲೀಸಾಗಿ ಓಡಿಬಿಡುತ್ತದೆ, ದಾಖಲೆಯಲ್ಲಿ 'ಸರಿಯಿದೆ' ಎಂದಾಗುತ್ತದೆ, ಇಷ್ಟು ದಿನ ರಕ್ಷಣೆ ಇರಲಿಲ್ಲ ಎಂಬ ಸಂಗತಿ ಅಲ್ಲೇ ಅಳಿಸಿಹೋಗುತ್ತದೆ. ಕೊನೆಗೆ ಐಸೊಲೇಶನ್ ವಾಲ್ವ್ ಮತ್ತೆ ತೆರೆದದ್ದನ್ನು, ಬೈಪಾಸ್ (ಟೆಸ್ಟಿಗಾಗಿ ರಕ್ಷಣೆಯನ್ನು ತಡೆಹಿಡಿದದ್ದು) ತೆಗೆದದ್ದನ್ನು ಇನ್ನೊಬ್ಬರು ಖುದ್ದಾಗಿ ನೋಡಬೇಕು.

ಈಗ ಸೈಬರ್ ದಾಳಿಯ ಭಯವೂ ಸೇರಿದೆ. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಕಾರ್ಖಾನೆಯೊಂದರಲ್ಲಿ ಟ್ರೈಟನ್ ಮಾಲ್‌ವೇರ್ ಸುರಕ್ಷತಾ ಕಂಟ್ರೋಲರ್‌ಗೇ ನುಗ್ಗಿತು. ಕಂಟ್ರೋಲರ್‌ನ ಕೀ ಸ್ವಿಚ್ಚನ್ನು ಬದಲಾವಣೆಗೆ ಅವಕಾಶ ಕೊಡುವ ಪ್ರೋಗ್ರಾಂ ಸ್ಥಾನದಲ್ಲೇ ಬಿಟ್ಟಿದ್ದರು. ಪ್ರೋಗ್ರಾಂ ಕೆಲಸ ಮುಗಿದ ಕೂಡಲೇ ಅದನ್ನು ರನ್‌ಗೆ ತಿರುಗಿಸಿ, ಕೀ ತೆಗೆದು, ಶಿಫ್ಟ್ ಮುಖ್ಯಸ್ಥರ ವಶಕ್ಕೆ ಕೊಡಿ. ರನ್ ಬಿಟ್ಟು ಕದಲಿದರೆ ಕಂಟ್ರೋಲ್ ರೂಮಿನಲ್ಲಿ ಅಲಾರ್ಮ್ ಬರುವಂತೆಯೂ ಮಾಡಿ.