ಪ್ಯಾಂಕ್ರಿಯಾಸ್ ಊದ್ಕೊಂಡಾಗ ಪಕ್ಕದ ರಕ್ತನಾಳದಲ್ಲಿ ಕಟ್ಟೋ ಹೆಪ್ಪು

ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್, ಅಂದ್ರೆ ಮೇದೋಜೀರಕ ಗ್ರಂಥಿಯ ಉರಿಯೂತ) ಅಂದ್ರೆ ಎಲ್ರಿಗೂ ನೆನಪಾಗೋದು ಬೆನ್ನಿಗೆ ಹೊಡೆಯೋ ಹೊಟ್ಟೆನೋವು, ಗಾಲ್‌ಸ್ಟೋನ್, ಕುಡಿತ, ಇಷ್ಟೇ. ಅದರ ಜೊತೆಗೆ ಹೊಟ್ಟೆಯೊಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು ಅನ್ನೋದು ನಮ್ಮನೆಯವರಿಗೆ ಗೊತ್ತಾಗಿದ್ದು ಭಾವನ ಸಿಟಿ ಸ್ಕ್ಯಾನ್ ರಿಪೋರ್ಟಲ್ಲಿ ಸ್ಪ್ಲೀನಿಕ್ ವೇನ್ ಥ್ರಾಂಬೋಸಿಸ್ (ಗುಲ್ಮ, ಅಂದ್ರೆ ಸ್ಪ್ಲೀನ್‌ನಿಂದ ರಕ್ತ ತರೋ ನಾಳದಲ್ಲಿ ಹೆಪ್ಪು) ಅಂತ ಒಂದು ಸಾಲು ಬಂದಾಗ. ಅಕ್ಕ ಕೇಳಿದ್ದು ಒಂದೇ ಮಾತು, "ಇದು ಹಾರ್ಟ್‌ಗೆ ಹೋಗಲ್ವಾ?"

ಈ ಭಯ ಎಲ್ಲರಿಗೂ ಬರತ್ತೆ. ಕಾಲಿನ ನಾಳದಲ್ಲಿ ಕಟ್ಟಿದ ಹೆಪ್ಪು ಕಿತ್ಕೊಂಡು ಹಾರ್ಟ್ ಮೂಲಕ ಶ್ವಾಸಕೋಶಕ್ಕೆ ಹೋಗಬಹುದು, ಆದ್ರೆ ಕರುಳು ಮತ್ತೆ ಗುಲ್ಮದ ರಕ್ತ ಮೊದಲು ಪೋರ್ಟಲ್ ವೇನ್ ಅನ್ನೋ ದೊಡ್ಡ ನಾಳ ಸೇರಿ ಲಿವರ್‌ಗೆ ಹೋಗತ್ತೆ, ಹಾಗಾಗಿ ಇಲ್ಲಿ ತೊಂದರೆ ಆಗೋದೇ ಬೇರೆ ಥರ.

ಪ್ಯಾಂಕ್ರಿಯಾಸ್ ಇರೋ ಜಾಗ ನೋಡಿದ್ರೆ ಅರ್ಧ ವಿಷಯ ತಿಳಿಯತ್ತೆ. ಗುಲ್ಮದಿಂದ ಬರೋ ಸ್ಪ್ಲೀನಿಕ್ ವೇನ್ ಪ್ಯಾಂಕ್ರಿಯಾಸ್‌ನ ಬೆನ್ನಿಗೆ ಅಂಟ್ಕೊಂಡೇ ಹೋಗತ್ತೆ, ಪ್ಯಾಂಕ್ರಿಯಾಸ್‌ನ ಕುತ್ತಿಗೆ ಹಿಂದೆ ಕರುಳಿನ ಕಡೆಯಿಂದ ಬರೋ ಮೆಸೆಂಟರಿಕ್ ವೇನ್ ಸೇರ್ಕೊಂಡು ಅಲ್ಲೇ ಪೋರ್ಟಲ್ ವೇನ್ ಆಗತ್ತೆ. ಪ್ಯಾಂಕ್ರಿಯಾಸ್ ಉರಿದು ಊದಿದಾಗ ಇವಕ್ಕೆ ತಪ್ಪಿಸ್ಕೊಳ್ಳೋ ದಾರಿನೇ ಇಲ್ಲ. ರಕ್ತ ಹೆಪ್ಪುಗಟ್ಟೋಕೆ ಮೂರು ಕಾರಣ ಅಂತ 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಚೋ ಹೆಸರಲ್ಲಿ ಇವತ್ತಿಗೂ ಹೇಳ್ತಾರಲ್ಲ, ನಾಳದ ಒಳಗೋಡೆಗೆ ಪೆಟ್ಟು, ರಕ್ತದ ಓಟ ನಿಧಾನ ಆಗೋದು, ರಕ್ತವೇ ಬೇಗ ಹೆಪ್ಪಾಗೋ ಸ್ಥಿತಿಗೆ ಬರೋದು, ಆ ಮೂರೂ ಇಲ್ಲಿ ಒಟ್ಟಿಗೆ ಇರತ್ತೆ. ಪ್ಯಾಂಕ್ರಿಯಾಸ್‌ನ ಭಾಗ ಸತ್ತುಹೋಗೋ ನೆಕ್ರೋಟೈಸಿಂಗ್ ಥರದಲ್ಲಿ ಇದು ಜಾಸ್ತಿ. ಎಷ್ಟೋ ಜನರಿಗೆ ಹೆಪ್ಪಿಂದ ಬೇರೆ ಲಕ್ಷಣ ಏನೂ ಇರಲ್ಲ, ನಾಳಗಳು ಸ್ಪಷ್ಟವಾಗಿ ಕಾಣೋಕೆ ಕಾಂಟ್ರಾಸ್ಟ್ ಅನ್ನೋ ದ್ರವ ಹಾಕಿ ಸಿಟಿ ಮಾಡಿದಾಗಲೇ ಸಿಗೋದು.

ನಮಗೆ ತುಂಬಾ ಗೊಂದಲ ಆಗಿದ್ದು ರಕ್ತ ತೆಳು ಮಾಡೋ ಔಷಧಿ ವಿಷಯದಲ್ಲಿ. ಪಕ್ಕದ ಬೆಡ್‌ನವರಿಗೆ ಹೊಟ್ಟೆಗೆ ಇಂಜೆಕ್ಷನ್ ಶುರು ಮಾಡಿದ್ರು, ಭಾವನಿಗೆ ಡಾಕ್ಟ್ರು "ಈಗ ಬೇಡ, ನೋಡೋಣ" ಅಂದ್ರು, ಮನೆಯವರೆಲ್ಲ ನಿರ್ಲಕ್ಷ್ಯ ಅಂತ ಸಿಟ್ಟಾದ್ರು. ಅದು ನಿರ್ಲಕ್ಷ್ಯ ಅಲ್ಲ. ಹೆಪ್ಪು ಯಾವ ನಾಳದಲ್ಲಿದೆ ಅನ್ನೋದರ ಮೇಲೆ ಬಹಳಷ್ಟು ನಿಂತಿದೆ. ಸ್ಪ್ಲೀನಿಕ್ ವೇನ್ ಒಂದರಲ್ಲೇ ಇದ್ರೆ ಎಷ್ಟೋ ಸಲ ಬರೀ ಗಮನಿಸ್ತಾರೆ, ಪೋರ್ಟಲ್ ಅಥವಾ ಮೆಸೆಂಟರಿಕ್ ವೇನ್‌ಗೆ ಹಬ್ಬಿದ್ರೆ ಕರುಳಿಗೆ, ಲಿವರ್‌ಗೆ ಅಪಾಯ ಅಂತ ಔಷಧಿ ಕೊಡೋ ಕಡೆ ವಾಲ್ತಾರೆ, ಕೊಟ್ರೆ ಸಾಮಾನ್ಯವಾಗಿ 3ರಿಂದ 6 ತಿಂಗಳು. ಇನ್ನೊಂದು ಕಡೆ ಉರಿಯೂತದಿಂದ ಪಕ್ಕದ ಅಪಧಮನಿ ಗೋಡೆ ಸವೆದು ಉಬ್ಬಿರಬಹುದು, ಸತ್ತ ಭಾಗ ತೆಗೆಯೋಕೆ ಟ್ಯೂಬ್ ಹಾಕಬೇಕಾಗಬಹುದು, ಅಂಥ ಹೊತ್ತಲ್ಲಿ ರಕ್ತ ತೆಳುವಾಗಿದ್ರೆ ಒಳಗೆ ಸುರಿಯೋ ರಕ್ತ ನಿಲ್ಲಿಸೋದು ಕಷ್ಟ. ಇದರಲ್ಲಿ ವೈದ್ಯರ ನಡುವೇನೇ ಒಮ್ಮತ ಇಲ್ಲ. "ಯಾಕೆ ಕೊಡ್ತಿಲ್ಲ" ಅಂತ ಜಗಳ ಆಡೋ ಬದಲು "ಯಾವ ನಾಳ, ಹಬ್ಬಿದೆಯಾ, ಮುಂದಿನ ಸ್ಕ್ಯಾನ್ ಯಾವಾಗ" ಅಂತ ಕೇಳಿ, ಉತ್ತರ ಸಿಗತ್ತೆ.

ಮನೆಗೆ ಬಂದಮೇಲೆ ಕಥೆ ಮುಗೀತು ಅನ್ಕೋಬೇಡಿ ದಯವಿಟ್ಟು. ಸ್ಪ್ಲೀನಿಕ್ ವೇನ್ ಮುಚ್ಚೇ ಉಳಿದ್ರೆ ಗುಲ್ಮದ ರಕ್ತ ಜಠರದ ಮೇಲ್ಭಾಗದ ಸಣ್ಣ ನಾಳಗಳಲ್ಲಿ ದಾರಿ ಹುಡುಕತ್ತೆ, ಅವು ಉಬ್ಬಿ ತಿಂಗಳುಗಳ ನಂತರವೂ ಒಡೀಬಹುದು. ಮಲ ಡಾಂಬರಿನಂಗೆ ಕಪ್ಪಗೆ ಹೋದ್ರೆ, ವಾಂತಿಲಿ ರಕ್ತ ಬಂದ್ರೆ, ತಲೆಸುತ್ತಿ ಬಿದ್ರೆ, ಇಲ್ಲಾ ಹೊಟ್ಟೆನೋವು ಇದ್ದಕ್ಕಿದ್ದಂಗೆ ಜೋರಾದ್ರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಕೂರಬೇಡಿ, ರಾತ್ರಿಯಾದ್ರೂ ಸರಿ ಎಮರ್ಜೆನ್ಸಿಗೆ ಹೋಗಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿರೋರು ಮೆಡಿಕಲ್ ಶಾಪಲ್ಲಿ ಸಿಗೋ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಡಾಕ್ಟ್ರನ್ನ ಕೇಳದೇ ತಿನ್ನಲೇಬಾರದು.

ಭಾವನ ನಾಳ ಇನ್ನೂ ಪೂರ್ತಿ ತೆರೆದಿಲ್ಲ, ಊಟ ನಿದ್ದೆ ಎಲ್ಲ ಚೆನ್ನಾಗಿದೆ, ಜಠರದ ನಾಳ ಉಬ್ಬಿದೆಯಾ ನೋಡೋಕೆ ಎಂಡೋಸ್ಕೋಪಿ ಬರೆದಿದಾರೆ. ಕಲ್ಲಿಂದ ಬಂದಿದ್ದರಿಂದ ಗಾಲ್‌ಬ್ಲಾಡರ್ ಆಪರೇಷನ್ ಕೂಡ ಆಗಬೇಕು, ಅದಕ್ಕೆ ಹೋಗುವಾಗ ಬರೀ ರಿಪೋರ್ಟ್ ಅಲ್ಲ, ಸ್ಕ್ಯಾನಿನ ಸಿಡಿ ಕೂಡ ಸರ್ಜನ್‌ಗೆ ಕೊಡಿ ಅಂತ ಅಕ್ಕನಿಗೆ ಹೇಳಿಟ್ಟಿದೀನಿ.