ಹೊರಗೆ ಮಳೆ, ನಳದಲ್ಲಿ ನೀರಿಲ್ಲ

ಆಗಸ್ಟ್ ತಿಂಗಳ ಒಂದು ಮಂಗಳವಾರ. ಧಾರವಾಡದಲ್ಲಿ ನಾಲ್ಕು ದಿನದಿಂದ ಜಿಟಿಜಿಟಿ ಮಳೆ, ಗೋಡೆಯ ಮೇಲಿನ ತೇವಮಾಪಕ 88 ತೋರಿಸುತ್ತಿತ್ತು. ರೇಷ್ಮೆಯ ತೆಳು ಪೊರೆಯನ್ನು ಟ್ರಾನ್ಸಿಸ್ಟರಿನ ನಿರೋಧಕ ಪದರವಾಗಿ (ಡೈಎಲೆಕ್ಟ್ರಿಕ್) ಬಳಸುವುದು ನಮ್ಮ ಪ್ರಯೋಗಾಲಯದ ಕೆಲಸ. ಅಂದು ಆ ಪೊರೆಯ ಮೊದಲ ಕೆಪ್ಯಾಸಿಟರ್‌ಗಳನ್ನು ಅಳೆಯುವ ದಿನ. ಆವೇಶ ಹಿಡಿದಿಡುವ ಸಾಮರ್ಥ್ಯವನ್ನು (ಕೆಪ್ಯಾಸಿಟೆನ್ಸ್) ಅಳೆಯುವ ಎಲ್‌ಸಿಆರ್ ಮೀಟರಿನ ಸೂಜಿಗಳನ್ನು ಅಲ್ಯೂಮಿನಿಯಂ ಚುಕ್ಕೆಯ ಮೇಲೆ ಇಳಿಸಿದಾಗ 20 ಹರ್ಟ್ಜ್‌ನಲ್ಲಿ ಬಂದ ಅಂಕಿ 900 ಪಿಕೋಫ್ಯಾರಡ್.

"ಭಾಳ ಚಲೋ ಬಂತಲ್ರೀ ಅಕ್ಕಾರ!" ಅಂದ, ಪಕ್ಕದಲ್ಲಿದ್ದ ಎಂಎಸ್ಸಿ ಹುಡುಗ.

"ಭಾಳ ಚಲೋ ಬಂದದ್ದಕ್ಕ ನೋಡ್ರಿ ಸಂಶಯ."

ಸಂಶಯಕ್ಕೆ ಕಾರಣವಿತ್ತು. ಪೊರೆಯ ದಪ್ಪ 400 ನ್ಯಾನೋಮೀಟರ್, ಚುಕ್ಕೆಯ ವ್ಯಾಸ 1 ಮಿಲಿಮೀಟರ್. ಒಣಗಿದ ರೇಷ್ಮೆಯ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 6 ಎಂದು ಹಿಡಿದರೆ ಲೆಕ್ಕಕ್ಕೆ ಬರುವುದು 104 ಪಿಕೋಫ್ಯಾರಡ್. ಅದೇ ಚುಕ್ಕೆಯನ್ನು 100 ಕಿಲೋಹರ್ಟ್ಜ್‌ನಲ್ಲಿ ಅಳೆದಾಗ 115 ಬಂತು. ಎರಡೂ ಅಂಕಿ ಒಂದೇ ಪೊರೆಯದ್ದು. ಪೊರೆ ಬರೀ ರೇಷ್ಮೆಯಾಗಿದ್ದರೆ ಹೀಗೆ ಎಂಟು ಪಟ್ಟು ಅಂತರ ಬೀಳುವುದಿಲ್ಲ. ಒಳಗೆ ಏನೋ ಓಡಾಡುತ್ತಿದೆ ಎಂದರ್ಥ, ಓಡಾಡುವುದು ಅಯಾನುಗಳೇ, ಅಂದರೆ ಆವೇಶ ಹೊತ್ತ ಕಣಗಳು. ವೋಲ್ಟೇಜ್ ಸೆಕೆಂಡಿಗೆ 20 ಸಲ ಹಿಂದೆಮುಂದೆ ತೂಗಿದರೆ ಅವಕ್ಕೆ ಎಲೆಕ್ಟ್ರೋಡಿನವರೆಗೆ ಹೋಗಿ ಗುಂಪುಗೂಡಲು ಪುರುಸೊತ್ತು ಸಿಗುತ್ತದೆ. ಲಕ್ಷ ಸಲ ತೂಗಿದರೆ ನಿಂತಲ್ಲೇ ನಡುಗುತ್ತವೆ, ಅಷ್ಟೆ.

ಇದು ಬರೀ ಮೀಟರಿನ ತೊಂದರೆಯಾಗಿದ್ದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಈ ಪೊರೆಯ ಮೇಲೆ ಟ್ರಾನ್ಸಿಸ್ಟರ್ ಕೂರಿಸಿ ಮೊಬಿಲಿಟಿ (ಅದರಲ್ಲಿ ಆವೇಶ ಎಷ್ಟು ಸಲೀಸಾಗಿ ಓಡುತ್ತದೆ ಎಂಬುದರ ಅಳತೆ) ಲೆಕ್ಕ ಹಾಕುವಾಗ ಸೂತ್ರದ ಛೇದದಲ್ಲಿ ಕೆಪ್ಯಾಸಿಟೆನ್ಸ್ ಇರುತ್ತದೆ. ಟ್ರಾನ್ಸಿಸ್ಟರನ್ನು ಅಳೆಯುವುದು ನಿಧಾನವಾಗಿ, ಹೆಚ್ಚುಕಮ್ಮಿ ಡಿಸಿಯಲ್ಲಿ. ಅಲ್ಲಿ ನಿಜವಾಗಿ ಕೆಲಸ ಮಾಡುವುದು 900. ಆದರೆ ಛೇದದಲ್ಲಿ 115 ಬರೆದರೆ ಮೊಬಿಲಿಟಿ ಕೂತಲ್ಲೇ ಎಂಟು ಪಟ್ಟು ಏರುತ್ತದೆ. 2011ರಲ್ಲಿ ತೈವಾನಿನ ಸಂಶೋಧಕರು ರೇಷ್ಮೆ ಡೈಎಲೆಕ್ಟ್ರಿಕ್ ಮೇಲೆ ಪೆಂಟಾಸೀನ್ ಎಂಬ ಸಾವಯವ ಅರೆವಾಹಕ ಹಾಕಿ 20ಕ್ಕಿಂತ ಹೆಚ್ಚಿನ (cm²/V·s ಲೆಕ್ಕದಲ್ಲಿ) ಮೊಬಿಲಿಟಿಯನ್ನು ಪ್ರಕಟಿಸಿದ ಮೇಲೆ ಈ ಕ್ಷೇತ್ರಕ್ಕೆ ಬಂದವರೆಲ್ಲ ದೊಡ್ಡ ಅಂಕಿಯ ಕನಸು ಕಾಣುತ್ತಾರೆ. ಪ್ರಬಂಧ ಓದುವಾಗ ಮೊದಲು ನೋಡಬೇಕಾದದ್ದು ಕೆಪ್ಯಾಸಿಟೆನ್ಸನ್ನು ಯಾವ ಆವರ್ತನದಲ್ಲಿ, ಎಷ್ಟು ತೇವದಲ್ಲಿ ಅಳೆದರು ಎಂಬುದನ್ನು. ಅದನ್ನು ಬರೆದಿರದಿದ್ದರೆ ಮೊಬಿಲಿಟಿಯ ಅಂಕಿಯನ್ನು ನಂಬುವ ಅಗತ್ಯವಿಲ್ಲ.

ಮಳೆಗಾಲದ ತೇವ ಒಂದು ಕಾರಣ ಹೌದು. ಸ್ಯಾಂಪಲ್ಲನ್ನು 60 ಡಿಗ್ರಿಯ ವ್ಯಾಕ್ಯೂಮ್ ಓವನ್ನಿನಲ್ಲಿ ಸಂಜೆವರೆಗೆ ಇಟ್ಟು, ಒಣ ನೈಟ್ರೋಜನ್ ಕೆಳಗೆ ಮತ್ತೆ ಅಳೆದೆವು. 900 ಇದ್ದದ್ದು 400ಕ್ಕೆ ಇಳಿಯಿತು, ಅಲ್ಲಿಗೇ ನಿಂತಿತು. ನೀರು ಹೋದರೂ ಏನೋ ಉಳಿದಿತ್ತು. ಉಳಿದದ್ದು ರೇಷ್ಮೆ ಕರಗಿಸಲು ಬಳಸಿದ ಉಪ್ಪು, ಲಿಥಿಯಂ ಬ್ರೋಮೈಡ್, ಅನ್ನುವುದಕ್ಕೆ ದೊಡ್ಡ ಪತ್ತೇದಾರಿಕೆ ಬೇಕಿರಲಿಲ್ಲ.

ಇದು ಅರ್ಥವಾಗಬೇಕಾದರೆ ಗೂಡಿನಿಂದ ಪೊರೆಯವರೆಗಿನ ದಾರಿ ಗೊತ್ತಿರಬೇಕು. ಹಾವೇರಿ ಕಡೆಯಿಂದ ತಂದ ರೇಷ್ಮೆ ಗೂಡುಗಳನ್ನು ಕತ್ತರಿಸಿ, ಹುಳ ತೆಗೆದು, ಎಂಟಾಣೆ ನಾಣ್ಯದಷ್ಟು ಚೂರು ಮಾಡಿ 5 ಗ್ರಾಂ ತೂಗಬೇಕು. 2 ಲೀಟರ್ ಡಿಸ್ಟಿಲ್ಡ್ ನೀರು ಕುದಿಯುವಾಗ 4.24 ಗ್ರಾಂ ಸೋಡಿಯಂ ಕಾರ್ಬೊನೇಟ್ ಹಾಕಿ, ಅದು ಕರಗಿದ ಮೇಲೆ ಚೂರುಗಳನ್ನು ಬಿಟ್ಟು ಸರಿಯಾಗಿ 30 ನಿಮಿಷ ಕುದಿಸಬೇಕು. ಎಳೆಗೆ ಮೆತ್ತಿಕೊಂಡ ಸೆರಿಸಿನ್ ಎಂಬ ಅಂಟು ಆಗ ಬಿಡುತ್ತದೆ. ಕಡಿಮೆ ಕುದಿಸಿದರೆ ಅಂಟು ಉಳಿಯುತ್ತದೆ, ಜಾಸ್ತಿ ಕುದಿಸಿದರೆ ಫೈಬ್ರೋಯಿನ್ ಎಂಬ ರೇಷ್ಮೆಯ ಪ್ರೋಟೀನಿನ ಸರಪಳಿಯೇ ತುಂಡಾಗಿ ಪೊರೆ ಹಪ್ಪಳದ ಹಾಗೆ ಬಿರಿಯುತ್ತದೆ. ಆಮೇಲೆ ಒಂದೊಂದು ಲೀಟರ್ ನೀರಿನಲ್ಲಿ 20 ನಿಮಿಷದಂತೆ ಮೂರು ಸಲ ತೊಳೆದು, ಹಿಂಡಿ, ಹಿಂಜಿ, ರಾತ್ರಿಯಿಡೀ ಒಣಗಿಸಬೇಕು. ಮಳೆಗಾಲದಲ್ಲಿ ಫ್ಯಾನಿನ ಗಾಳಿ ಸಾಲದು, 40 ಡಿಗ್ರಿಯ ಓವನ್ ಬೇಕು. ಒಣಗಿದ ತೂಕ 3.5ರಿಂದ 3.75 ಗ್ರಾಂ ಇರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಅಂಟು ಉಳಿದಿದೆ, ಇಲ್ಲವೇ ಇನ್ನೂ ಹಸಿಯಿದೆ.

ಇದರಲ್ಲಿ 3 ಗ್ರಾಂ ತೆಗೆದುಕೊಂಡು, 12 ಮಿ.ಲೀ. ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸುತ್ತೇವೆ. ಸಾಂದ್ರತೆ 9.3 ಮೋಲಾರ್, ಅಂದರೆ 12 ಮಿ.ಲೀ.ಗೆ 9.7 ಗ್ರಾಂ ಉಪ್ಪು. ಉಪ್ಪನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಬೇಕು. ಒಮ್ಮೆಲೇ ಸುರಿದರೆ ಬೀಕರ್ ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗುತ್ತದೆ. 60 ಡಿಗ್ರಿಯಲ್ಲಿ ನಾಲ್ಕು ತಾಸು ಇಟ್ಟರೆ ತಿಳಿಯಾದ ಬೆಲ್ಲದ ಪಾಕದ ಬಣ್ಣ ಬರುತ್ತದೆ. ಈ ಪಾಕವನ್ನು ಡಯಾಲಿಸಿಸ್ ಚೀಲಕ್ಕೆ (ಉಪ್ಪನ್ನು ಬಿಟ್ಟು ರೇಷ್ಮೆಯನ್ನು ಒಳಗೇ ಹಿಡಿದಿಡುವ ಸೂಕ್ಷ್ಮ ರಂಧ್ರದ ಚೀಲ) ತುಂಬಿ ನೀರಿನಲ್ಲಿ ಮುಳುಗಿಸಿ ಉಪ್ಪನ್ನು ಹೊರಗೆ ಕಳಿಸಬೇಕು. ಚೀಲವನ್ನು ಮೂರರಲ್ಲಿ ಒಂದು ಪಾಲಷ್ಟೇ ತುಂಬಬೇಕು, ಒಳಗಿನ ಉಪ್ಪು ಹೊರಗಿನ ನೀರನ್ನು ಎಳೆದುಕೊಂಡು 40 ಮಿ.ಲೀ.ವರೆಗೂ ಉಬ್ಬುತ್ತದೆ. ಬಿಗಿಯಾಗಿ ತುಂಬಿದರೆ ಕ್ಲಿಪ್ ಹಾರಿ, ವಾರದ ಕೆಲಸ ಬೀಕರಿನ ಪಾಲು. ತಳದಲ್ಲಿ ತಿರುಗುವ ಮ್ಯಾಗ್ನೆಟ್ ಚೀಲಕ್ಕೆ ತಾಗದಂತೆಯೂ ನೋಡಿಕೊಳ್ಳಬೇಕು. ರೇಷ್ಮೆ ದ್ರಾವಣವನ್ನು ಕುಲುಕಿದರೆ, ಉಜ್ಜಿದರೆ ಮೊಸರಿನಂತೆ ಹೆಪ್ಪುಗಟ್ಟುತ್ತದೆ, ಆಮೇಲೆ ಏನು ಮಾಡಿದರೂ ಕರಗುವುದಿಲ್ಲ.

ಎಲ್ಲರೂ ಅನುಸರಿಸುವ ವಿಧಾನದ ಪ್ರಕಾರ ಒಂದೊಂದು ಲೀಟರಿನಂತೆ 48 ತಾಸಿನಲ್ಲಿ ಆರು ಸಲ ನೀರು ಬದಲಿಸಬೇಕು. ಕುದಿಸಲು 2, ತೊಳೆಯಲು 3, ಡಯಾಲಿಸಿಸ್‌ಗೆ 6. ಕೂಡಿದರೆ 11 ಲೀಟರ್ ಡಿಸ್ಟಿಲ್ಡ್ ನೀರು. ಗಾಜಿನ ಡಿಸ್ಟಿಲೇಷನ್ ಯಂತ್ರದಲ್ಲಿ ಒಂದು ಲೀಟರ್ ಇಳಿಸಲು ಕಂಡೆನ್ಸರ್ ತಣಿಸಿ ಸಿಂಕಿಗೆ ಹೋಗುವ ನೀರು ಅದರ ಹಲವು ಪಟ್ಟು. ಸುಸ್ಥಿರ ವಸ್ತು ಎಂದು ಹೆಸರಿಟ್ಟ ಕೆಲಸದಲ್ಲಿ 3 ಗ್ರಾಂ ರೇಷ್ಮೆಗೆ ಇಷ್ಟು ಖರ್ಚು!

ಮಲಪ್ರಭೆಯ ನೀರು ಬಂದರೆ ಬಂತು ಎಂದು ಸಿಂಟೆಕ್ಸ್ ತುಂಬಿಸಿಡುವ ಊರಿದು. ಹಿಂದಿನ ವಾರ ಹೊರಗೆ ಧೋ ಎಂದು ಸುರಿಯುತ್ತಿದ್ದಾಗಲೇ ನಳಕ್ಕೆ ನೀರು ಬರಲಿಲ್ಲ. ಪೈಪೋ ಪಂಪೋ, ಏನೋ ಕೆಟ್ಟಿತ್ತು. ನಾವು ಆರರ ಬದಲು ನಾಲ್ಕೇ ಸಲ ನೀರು ಬದಲಿಸಿದೆವು. ಅದನ್ನೂ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರೊಳಗೆ ಮುಗಿಸಿ ಚೀಲ ಬಿಚ್ಚಿದೆವು.

ಆದ್ದರಿಂದ ಮಂಗಳವಾರ ಸಂಜೆ ಎಲ್ಲರ ಬಾಯಲ್ಲಿ ಬಂದ ಮೊದಲ ಮಾತು, ನೀರು ಉಳಿಸಲು ಹೋಗಿ ಕೆಡಿಸಿಕೊಂಡೆವು ಎಂದು. ಲೆಕ್ಕ ಬೇರೆಯೇ ಹೇಳಿತು. ಒಳಗಿನ ಉಪ್ಪು, ಹೊರಗಿನ ಉಪ್ಪು ಪ್ರತಿ ಸಲ ಸಮವಾಗುವವರೆಗೆ ಕಾದರೆ ಲೀಟರಿನಂತೆ ನಾಲ್ಕು ಬದಲಾವಣೆಯಲ್ಲಿ ಉಳಿಯುವುದು ಸುಮಾರು 6 ಮೈಕ್ರೋಮೋಲಾರ್, ಇಲ್ಲವೆನ್ನುವಷ್ಟು ಕಡಿಮೆ. ನಮ್ಮದು ಸಮವಾಗಿರಲೇ ಇಲ್ಲ. ಉಬ್ಬಿದ ಚೀಲದ ನಡುವಿನಿಂದ ಅಯಾನು ಹೊರಬರಲು ತಾಸುಗಟ್ಟಲೆ ಬೇಕು, ನಾವು ಅದಕ್ಕೆ ಸಮಯವನ್ನೇ ಕೊಟ್ಟಿರಲಿಲ್ಲ. ಕಡಿಮೆಯಾದದ್ದು ನೀರಲ್ಲ, ತಾಸು.

ಹಾಗಾದರೆ ನೀರನ್ನು ಇನ್ನೂ ಇಳಿಸಬಹುದೇ? 300 ಮಿ.ಲೀ.ನಂತೆ ಆರು ಸಲ ಹಿಡಿದು ಲೆಕ್ಕ ಹಾಕಿದೆವು. ಮೊದಲ ಸಲ ಹೊರಗೆ, ಒಳಗೆ ಎರಡೂ ಕಡೆ 0.36 ಮೋಲಾರ್. ಅಲ್ಲಿಂದ ಮುಂದೆ ಪ್ರತಿ ಬದಲಾವಣೆಗೆ ಎಂಟೂವರೆ ಪಟ್ಟು ಇಳಿತ. ಕೊನೆಗೆ 8 ಮೈಕ್ರೋಮೋಲಾರ್. ಅಂದರೆ 6 ಲೀಟರಿನ ಕಡೆ 1.8 ಲೀಟರ್ ಸಾಕು, 48 ತಾಸು ಮಾತ್ರ ಬಿಡುವ ಹಾಗಿಲ್ಲ. ಮೊದಲೆರಡು ಬದಲಾವಣೆ ನಾಲ್ಕು ತಾಸಿಗೊಮ್ಮೆ, ಉಳಿದವು ಎಂಟು ಹತ್ತು ತಾಸಿಗೊಮ್ಮೆ. ಮುಗಿಯಿತೋ ಇಲ್ಲವೋ ಎಂದು ತಿಳಿಯಲು ನೀರಿನಲ್ಲಿ ಉಪ್ಪೆಷ್ಟಿದೆ ಎಂದು ವಿದ್ಯುತ್ ಹರಿವಿನಿಂದ ಹೇಳುವ ಕಂಡಕ್ಟಿವಿಟಿ ಮೀಟರ್ ಇದ್ದೇ ಇದೆ. ಆದರೆ ನೀರು ಬದಲಿಸಿದ ಕೂಡಲೇ ಅಳೆಯಬಾರದು, ಹೊಸ ನೀರು ಯಾವಾಗಲೂ ಸ್ವಚ್ಛವೇ. ಆರು ತಾಸು ನಿಂತ ನೀರೂ ಹೊಸ ಡಿಸ್ಟಿಲ್ಡ್ ನೀರಿನಷ್ಟೇ ತೋರಿಸಿದರೆ ಚೀಲ ತೆಗೆಯಬಹುದು.

ಹಾಗೆ ಮಾಡಿದ ಎರಡನೇ ದ್ರಾವಣದ ಪೊರೆ ಮುಂದಿನ ವಾರ ಸಿದ್ಧವಾಯಿತು. ನೀರಿನಲ್ಲಿ ಕರಗದಂತೆ ಮಾಡಲು ಮೆಥನಾಲ್ ಬಳಸಲಿಲ್ಲ. ಡೆಸಿಕೇಟರಿನ (ವಸ್ತುಗಳನ್ನು ಒಣಗಿಸಿಡುವ ಮುಚ್ಚಿದ ಪಾತ್ರೆ) ತಳದಲ್ಲಿ ಸಿಲಿಕಾ ಜೆಲ್ ಇರುವ ಕಡೆ ನೀರಿಟ್ಟು, ಗಾಳಿ ಎಳೆದು, ರಾತ್ರಿಯಿಡೀ ಹಬೆಯಲ್ಲಿ ಇಟ್ಟರೆ ಸರಪಳಿಗಳು ತಾವೇ ಮಡಚಿಕೊಂಡು ಗಟ್ಟಿಯಾಗುತ್ತವೆ. ವಿಷವಿಲ್ಲ, ಖರ್ಚಿಲ್ಲ. ಒಣ ನೈಟ್ರೋಜನ್‌ನಲ್ಲಿ 20 ಹರ್ಟ್ಜ್‌ಗೆ 121, 100 ಕಿಲೋಹರ್ಟ್ಜ್‌ಗೆ 106. ಕಿಟಕಿ ತೆರೆದರೆ 20 ಹರ್ಟ್ಜ್‌ನ ಅಂಕಿ ಮತ್ತೆ ಏರುತ್ತದೆ. ಅದು ರೇಷ್ಮೆಯ ಗುಣ, ಮೇಲೊಂದು ಹೊದಿಕೆ ಇಲ್ಲದೆ ಇಲ್ಲಿನ ಮಳೆಗಾಲದಲ್ಲಿ ಈ ಟ್ರಾನ್ಸಿಸ್ಟರ್ ಓಡುವುದಿಲ್ಲ.

300 ಮಿ.ಲೀ. ಮಾಡಿದ್ದರಿಂದ ಇನ್ನೊಂದು ಅನುಕೂಲವಾಯಿತು. ಮೊದಲ ಸಲದ ನೀರಿನಲ್ಲೇ 8 ಗ್ರಾಂಗಿಂತ ಹೆಚ್ಚು ಲಿಥಿಯಂ ಬ್ರೋಮೈಡ್ ಇರುತ್ತದೆ. ದುಬಾರಿ ಉಪ್ಪು, ಸಿಂಕಿಗೆ ಚೆಲ್ಲುವುದು ತಪ್ಪೂ ಹೌದು. ಹಾಟ್‌ಪ್ಲೇಟ್ ಮೇಲೆ ಆರಿಸಿದಾಗ ತಳದಲ್ಲಿ ಬಿಳಿ ಹರಳು ಕೂತಿತು. ಎಂಎಸ್ಸಿ ಹುಡುಗ ಅದನ್ನು ಮುಚ್ಚದೆ ಮೇಜಿನ ಮೇಲಿಟ್ಟು ಚಹಾಕ್ಕೆ ಹೋದ, ಅಲ್ಲಿಂದ ಊಟಕ್ಕೂ ಹೋದ. ಬಂದು ತೂಗಿದಾಗ 11 ಗ್ರಾಂ. ನಾವು ಹಾಕಿದ್ದೇ 9.7.

"ಉಪ್ಪು ಹೆಚ್ಚಿಗಿ ಬಂದೈತ್ರೀ ಅಕ್ಕಾರ" ಅಂತ ಬೀಕರನ್ನು ಓರೆ ಮಾಡಿ ತೋರಿಸಿದ. ಹರಳು ಗಾಳಿಯ ತೇವ ಕುಡಿದು ಮತ್ತೆ ನೀರಾಗಿ ಹರಿಯುತ್ತಿತ್ತು.